ಬೆಳೆಯದೆ ಉಳಿದ ಗಂಟು

ನಮ್ಮವ್ವನ ಮಾತು ಬಂದರೆ ನನಗೆ ಸ್ವಲ್ಪ ಜಂಬ ಜಾಸ್ತಿ. ಅವಳ ವಿಷಯದಲ್ಲಿ ಪಡದೆ ಇನ್ಯಾರ ವಿಷಯದಲ್ಲಿ ಪಡಲಿ?

ಬಿಡದಿ ಸುತ್ತ ಸಾಲುಸಾಲಾಗಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಅಪ್ಪ ಅಲ್ಲೊಂದರಲ್ಲಿ ಕೆಲಸಕ್ಕೆ ಸೇರಿ ಶಿಫ್ಟಿಗೆ ಹೋಗಿಬರುತ್ತಿದ್ದ. ನಮ್ಮೂರು ಅಕ್ಕೂರಿನ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ ಎರಡೂ ಅವ್ವನ ಪಾಲಿಗೆ ಬಂದವು. ನಾನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿದ್ದೆ. ಬೆಳೆಯುವುದು ನಿಂತು ಮುಪ್ಪಾದ ಕ್ಯಾನ್ಸರ್ ಕೋಶಗಳಿಗೆ ನೀಲಿ ಬಣ್ಣ ಬರಿಸಿ ಗುರುತಿಸುವುದು ನನ್ನ ಕೆಲಸ. ಅಷ್ಟರಲ್ಲಿ ಅವ್ವನ ಎದೆಯಲ್ಲೇ ಗಂಟು ಕಾಣಿಸಿಕೊಂಡಿತು.

ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಕೀಮೋ ಮುಗಿಯುವ ಹೊತ್ತಿಗೆ ಗಂಟು ಅರ್ಧಕ್ಕಿಳಿದು ಅಲ್ಲಿಗೇ ನಿಂತಿತು. ಅಪ್ಪನಿಗೆ ಅಷ್ಟೇ ಸಾಕಾಯಿತು. ಖುಷಿಯಾದರೆ ಊರಿಗೆಲ್ಲ ಹೇಳದೆ ಅವನಿಗೆ ಅನ್ನ ಸೇರುವುದಿಲ್ಲ. ಟೀ ಅಂಗಡಿಯವರೆಗೂ ಸಾರಿ ಬಂದು ಹುಳುಮನೆಯ ಬಾಗಿಲಲ್ಲಿ ನಿಂತ.

“ಬೆಳ್ಯದು ನಿಂತೋಯ್ತಲ್ಲ, ಇನ್ಯಾಕೆ ಕುಯ್ಸದು? ಸುಮ್ಕೆ ಬಿದ್ದಿರದ್ನ ಕೆಣಕ್ಬಾರ್ದು.”

ಅವ್ವ ಹುಳುಗಳಿಗೆ ಸೊಪ್ಪು ಹಾಕುತ್ತಲೇ, ರಜೆ ಹಾಕಿ ಬಂದಿದ್ದ ನನ್ನನ್ನು ಕೇಳಿದಳು: “ನೀನು ದಿನಾ ಅದ್ನೇ ನೋಡ್ತೀಯಲ್ಲ, ನಿಂತದ್ದು ಸತ್ತಂಗಾ?”

ಯಾರ್‍ಯಾರದೋ ಕೋಶಗಳ ಬಗ್ಗೆ ಗಂಟೆಗಟ್ಟಲೆ ಕೊರೆಯುವ ನನಗೆ ಅವ್ವನ ಮುಂದೆ ಮಾತಾಡಲು ಭಯವಾಯಿತು. ಆದರೂ ಮುಚ್ಚುಮರೆ ಮಾಡಲಿಲ್ಲ. ಔಷಧಿಯ ಏಟಿಗೆ ಕೆಲವು ಕೋಶಗಳು ಸಾಯುತ್ತವೆ, ಕೆಲವಕ್ಕೆ ಮುಪ್ಪು ಬರುತ್ತದೆ ಎಂದೆ. ಮುಪ್ಪಾದವು ಒಂದು ಎರಡಾಗುವುದಿಲ್ಲ, ಅದು ಒಳ್ಳೆಯದೇ. ಆದರೆ ಸಾಯುವುದೂ ಇಲ್ಲ. ಊದಿಕೊಂಡು ಕೂತು, ಅಕ್ಕಪಕ್ಕದವನ್ನು ಕೆಡಿಸುವ ರಸ ಸುರಿಸುತ್ತವೆ. ಅವುಗಳಲ್ಲಿ ಯಾವುದಾದರೂ ಮತ್ತೆ ಎದ್ದು ಬೆಳೆಯಲೂಬಹುದು. ನಿನ್ನ ಗಂಟಿನೊಳಗೆ ಏನಿದೆಯೋ ಹೊರಗಿನಿಂದ ನನಗೆ ಗೊತ್ತಾಗುವುದಿಲ್ಲ ಅಂತಲೂ ಹೇಳಿದೆ.

ಅವ್ವ ತಟ್ಟೆಯ ಅಂಚಿನಲ್ಲಿ ಸುತ್ತುತ್ತಿದ್ದ ಊದಿದ ಹುಳುವೊಂದನ್ನು ಎತ್ತಿದಳು. ಹಾಲುತೊಂಡೆ ರೋಗ ಹತ್ತಿದ್ದು. ಇಂಥ ಹುಳು ಸೊಪ್ಪು ಮುಟ್ಟುವುದಿಲ್ಲ, ಗೂಡೂ ಕಟ್ಟುವುದಿಲ್ಲ. ಮೈ ಒಡೆದು ಹಾಲಿನಂಥ ನೀರು ಸುರಿದರೆ ಇಡೀ ತಟ್ಟೆಗೆ ರೋಗ. ಅದನ್ನು ಬ್ಲೀಚಿಂಗ್ ಪುಡಿಯ ನೀರಿಗೆ ಹಾಕಿ, ಕೈ ತೊಳೆದುಕೊಂಡು ಅಪ್ಪನ ಕಡೆ ತಿರುಗಿದಳು.

“ಸುಮ್ಕೆ ಐತೆ ಅಂತ ಇದ್ನ ತಟ್ಟೇಲೇ ಬುಟ್ರೆ ಬೆಳೆ ಉಳ್ಕತೈತಾ? ನಾನು ಕುಯ್ಸ್ಕತೀನಿ. ಈ ಹುಳ ಗೂಡಿಗೆ ಬೀಳ್ಲಿ, ಮಾರ್ನೆ ದಿನ್ವೇ ಹೊರಡಾಣ.”

ಅಪ್ಪ ಗೊಣಗುತ್ತಲೇ ಹೊರಗೆ ಹೋದ. ಹುಳುಗಳು ಗೂಡು ಕಟ್ಟಲು ಶುರುಮಾಡಿದ ಮರುದಿನ ಅವ್ವ ಬಸ್ಸು ಹತ್ತಿದಳು. ಒಂದು ಹನಿ ಕಣ್ಣೀರಿಲ್ಲ. ಅತ್ತದ್ದು ನಾನು, ಅದೂ ಕಿಟಕಿಯ ಕಡೆ ಮುಖ ಮಾಡಿ.

ತೆಗೆದ ಗಂಟನ್ನು ಪರೀಕ್ಷಿಸಿದ ಮೇಲೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು. ಹೆಚ್ಚಿನ ಭಾಗ ತಣ್ಣಗೆ ಕೂತಿತ್ತು. ಆದರೆ ಒಂದು ಮೂಲೆಯಲ್ಲಿ ಕೋಶಗಳು ಇನ್ನೂ ಬೆಳೆಯುತ್ತಲೇ ಇದ್ದವು. ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಊರು ಮುಟ್ಟುವವರೆಗೂ ಅವ್ವನ ಚೀಲ ಅಪ್ಪನ ಹೆಗಲ ಮೇಲೇ ಇತ್ತು.

ಅವ್ವ ಮತ್ತೆ ಹುಳು ಸಾಕಿದಳು. ಆಪರೇಷನ್ ಆದ ಬದಿಯ ಕೈ ಮೇಲಿನ ತಟ್ಟೆಗೆ ಎಟುಕುತ್ತಿರಲಿಲ್ಲ, ಶಿಫ್ಟು ಮುಗಿಸಿ ಬಂದು ಅಪ್ಪನೇ ಇಳಿಸಿಕೊಡುತ್ತಿದ್ದ. ಅದಾದ ಮೇಲೆ ಟೀ ಅಂಗಡಿಗೆ ಹೋಗುವುದು. ಊರಿಗೆ ಬಂದಿದ್ದಾಗ ಒಂದು ಸಂಜೆ ಅವನನ್ನು ಕರೆಯಲು ಹೋದ ನಾನು ಅವನ ಮಾತು ಕೇಳಿ ಹೊರಗೇ ನಿಂತೆ.

“ನಾನು ಬ್ಯಾಡ ಅಂದಿದ್ದೆ ಕಣ್ಲಾ,” ಎನ್ನುತ್ತಿದ್ದ ಎಲ್ಲರಿಗೂ ಕೇಳುವಂತೆ. “ಅವ್ಳು ನನ್ ಮಾತು ಕೇಳ್ಲೇ ಇಲ್ಲ.”

ಅವನ ದನಿಯಲ್ಲಿದ್ದ ಜಂಬ ನನ್ನದಕ್ಕಿಂತ ಒಂದು ಕೈ ಹೆಚ್ಚೇ ಇತ್ತು.