ಡ್ಯಾಶ್‌ಬೋರ್ಡ್ ಮೇಲಿಟ್ಟ ಕಾಡತೂಸು

ನಮ್ಮ ಕಫೀಲರಿಗೆ, ಅಂದ್ರೆ ವೀಸಾ ಕೊಟ್ಟು ಕೆಲಸಕ್ಕಿಟ್ಟ ಅರಬಿ ಧಣಿಗಳಿಗೆ, ಕೋವಿಯ ಕಾಡತೂಸಿಗೆ ತಾವೇ ಮದ್ದು ತುಂಬುವ ಹುಚ್ಚು. ಬೆಟ್ಟದ ಮೇಲಿನ ತಾಯಿಫಿನ ತಂಪಿನಲ್ಲಿ ಅಳೆದು ತುಂಬಿ, ಅಲ್ಲೇ ಹೊಡೆದು ಗುರಿ ಸರಿ ಮಾಡಿ ಇಡ್ತಾರೆ. ನಾನು ಅವರ ಡ್ರೈವರ್. ಮಗಳ ನಿಕಾಹ್‌ಗೆ ಊರಿಗೆ ಹೋಗ್ಲಿಕ್ಕೆ ಒಂದು ತಿಂಗಳು ರಜೆ ಕೇಳಿದ್ದೆ. "ಭಾವನ ಜೊತೆ ಸ್ಪರ್ಧೆ ಉಂಟು, ಅದು ಮುಗೀಲಿ, ಹೇಳ್ತೇನೆ" ಅಂದಿದ್ರು.

ಸ್ಪರ್ಧೆ ಇದ್ದದ್ದು ಬೆಟ್ಟದ ಕೆಳಗಿನ ಶೂಟಿಂಗ್ ರೇಂಜಲ್ಲಿ. ಅಲ್ಲಿಯ ಬಿಸಿಲು ಎಂತ ಹೇಳೂದು ಮಾರಾಯ್ರೆ! ಕೈಗೆ ಬೇಗ ಸಿಗಲಿ ಅಂತ ನಾನು ಕಾಡತೂಸಿನ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದೆ. ಕಫೀಲರು ಹೊಡೆದ ಗುಂಡೆಲ್ಲ ಗುರಿಯ ಮೇಲಿಂದ ಹೋಯ್ತು. ಅವರು ಕಾಡತೂಸು ಮುಟ್ಟಿ ನೋಡಿ ಕೈ ಕೊಡವಿದ್ರು.

"ಮದ್ದು ಬಿಸಿಯಾದ್ರೆ ಗುಂಡಿನ ವೇಗ ಜಾಸ್ತಿ, ಮೇಲೆ ಹೋಗಿ ತಾಗ್ತದೆ. ಯಲ್ಲಾ, ತಣ್ಣಗೆ ಮಾಡು!"

ತಣ್ಣಗೆ ಮಾಡೂದು ಅಂದ್ರೆ ಮಲ್ಪೆ ಬಂದರಿನವನಿಗೆ ಗೊತ್ತಿರೂದು ಒಂದೇ ದಾರಿ. ಉಳಿದದ್ದನ್ನು ಪ್ಲಾಸ್ಟಿಕ್ಕಲ್ಲಿ ಸುತ್ತಿ, ಬಂಗುಡೆ ಇಟ್ಟ ಹಾಗೆ ನೀರಿನ ಬಾಟ್ಲಿ ತಂದ ಪೆಟ್ಟಿಗೆಯ ಐಸಿನೊಳಗೆ ಹೂತಿಟ್ಟೆ. ಕಫೀಲರು ಚಹಾ ಮುಗಿಸಿ ಬಂದು ಹೊಡೆದ್ರೆ ಗುಂಡೆಲ್ಲ ಗುರಿಯ ಕೆಳಗೆ.

ಅವರ ಭಾವ ನಕ್ಕು ನಕ್ಕು ನೆಲದಲ್ಲೇ ಕೂತ. "ಇವನಿಗೆ ಸಂಬಳ ನಾನು ಕೊಡ್ಬೇಕಿತ್ತು!"

ರಜೆ ಹೋಯ್ತು ಅಂತ ನಾನು ಮನಸ್ಸು ಗಟ್ಟಿ ಮಾಡಿದೆ. ವಾಪಸ್ಸು ಘಾಟಿ ಹತ್ತುವಾಗ ಕಫೀಲರು ಫೋನಲ್ಲಿ ಕ್ಯಾಲೆಂಡರ್ ತೆಗೆದು ನೋಡಿದ್ರು. ಮತ್ತೆ ಹೇಳಿದ್ರು, "ಮಗಳ ಮದುವೆಯಲ್ವಾ, ಎರಡು ತಿಂಗಳು ಹೋಗಿ ಬಾ. ಟಿಕೆಟ್ ನನ್ನದು."

ನಂಗೆ ಕಣ್ಣು ತುಂಬಿ ಬಂತು. ಅಂಥ ಮನಸ್ಸು ಎಷ್ಟು ಜನಕ್ಕುಂಟು? ಈಗಲೂ ದುವಾದಲ್ಲಿ ಅವರ ಹೆಸರು ಬಿಡೂದಿಲ್ಲ. ಮುಂದಿನ ಸ್ಪರ್ಧೆ ಇಟ್ಟದ್ದು ನಾನು ಊರಲ್ಲಿದ್ದ ಆ ಎರಡನೇ ತಿಂಗಳಲ್ಲಿ ಅಂತ ಗೊತ್ತಾದ ಮೇಲೂ ಬಿಟ್ಟಿಲ್ಲ.