ಲಗ್ನಪತ್ರಿಕೆ ಹಿಡಿದು ಕಂಪನಿಗೆ ನುಗ್ಗುವ ಕೆಂಚಮ್ಮ

ಹಿನಕಲ್ಲಿನ ಕೆಂಚಮ್ಮನ ಉದ್ಯೋಗ ಏನು ಗೊತ್ತೇ? ಕರೆಯದ ಕಡೆ ನುಗ್ಗುವುದು! ಕಳ್ಳತನವಲ್ಲ ಮತ್ತೆ. ತಮ್ಮನ ಮಗ ಪ್ರಸಾದ್ ಕಂಪನಿಗಳ ಬಾಗಿಲು, ಕಾರ್ಡು, ಪಾಸ್‌ವರ್ಡು ಎಷ್ಟು ಗಟ್ಟಿ ಎಂದು ಪರೀಕ್ಷೆ ಮಾಡಿಕೊಡುವವನು. ಯಜಮಾನರೇ ಒಪ್ಪಿಗೆ ಪತ್ರ ಕೊಟ್ಟಿರುತ್ತಾರೆ. ಬಾಗಿಲಲ್ಲಿ ಕೂತವರಿಗೆ ಮಾತ್ರ ಗೊತ್ತಿರುವುದಿಲ್ಲ. ಪ್ರಸಾದನ ಹುಡುಗರು ಕಂಪ್ಯೂಟರಿನ ಕಡೆಯಿಂದ ನುಗ್ಗಲು ತಿಣುಕುತ್ತಿದ್ದರೆ, ಕೆಂಚಮ್ಮ ರೇಷ್ಮೆ ಸೀರೆಯುಟ್ಟು, ಲಗ್ನಪತ್ರಿಕೆ, ಕುಂಕುಮದ ಭರಣಿ ಹಿಡಿದು ಹೊರಡುತ್ತಾಳೆ. ಮದುವೆಗೆ ಕರೆಯಲು ಬಂದ ಹೆಂಗಸನ್ನು ಹೊಸ್ತಿಲಾಚೆ ನಿಲ್ಲಿಸುವ ಎದೆಗಾರಿಕೆ ಮೈಸೂರಿನಲ್ಲಿ ಯಾರಿಗಿದೆ? ಯಂತ್ರಗಳಿಗೆಂದೇ ಏಸಿ ಹಾಕಿದ ಸರ್ವರ್ ಕೋಣೆಯಲ್ಲಿ ತಣ್ಣಗೆ ಕೂತು ಎಲೆಅಡಿಕೆ ಹಾಕಿಕೊಂಡು ಬಂದವಳು ಆಕೆ!

"ಅತ್ತೆ, ಒಂದ್ಸಲ ಸಿಕ್ಕಾಕ್ಕೊಂಡ್ರೆ ನಿಮ್ ಮುಖ ಊರಿಗೆಲ್ಲ ಗೊತ್ತಾಗ್ಬುಡ್ತದೆ. ಅಲ್ಲಿಗೆ ಈ ಕೆಲಸ ಬಂದ್," ಎಂದು ಪ್ರಸಾದ್ ಮೊದಲೇ ಹೇಳಿದ್ದ. ಕೆಂಚಮ್ಮನಿಗೆ ಅದೊಂದೇ ದಿಗಿಲು. ಇದು ಹೋದರೆ ಮತ್ತೆ ಟೀವಿ ಮುಂದೆ ಹುರುಳಿಕಾಯಿ ಸೋಸುತ್ತ ಕೂರಬೇಕಲ್ಲ!

ಮೊನ್ನೆ ಹೂಟಗಳ್ಳಿಯ ಒಂದು ಕಂಪನಿ. ಬಾಗಿಲು ಕಾಯಲು ಸಿಂಚನ ಎಂಬ ಹುಡುಗಿ.

"ಕಾರ್ಡ್ ತೋರ್ಸಿ ಅಮ್ಮ."

"ಮದುವೆಗೆ ಕರೆಯೋಕ್ ಬಂದಿವ್ನಿ ಕಣವ್ವ. ಹೊಸ್ತಿಲಲ್ಲಿ ನಿಂತ್ಕೊಂಡು ಕರೆಯೋದುಂಟಾ?"

"ಛೆ, ಎಲ್ಲಾದ್ರೂ ಉಂಟಾ! ಇರಿ."

ಸಿಂಚನ ಹೊರಗೇ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಫೋನು ಮಾಡಿ ಒಳಗಿನ ಹೆಂಗಸರನ್ನೇ ಹೊರಗೆ ಕರೆಸಿದಳು! ಎಲ್ಲರೂ ಕುಂಕುಮ ಇಟ್ಟುಕೊಂಡರು. ಯಾರ ಮದುವೆ ಎಂದು ಒಬ್ಬರೂ ಕೇಳಲಿಲ್ಲ. ಊಟ ಯಾವ ಛತ್ರದಲ್ಲಿ ಎಂದು ಕೇಳಿದರು.

ಹೆಂಗಸರು ವಾಪಸು ಒಳಗೆ ಹೋಗುವಾಗ ಅವರಲ್ಲಿ ಮಾಲವಿಕಾ ಎಂಬಾಕೆ ತನ್ನ ಕಾರ್ಡು ತೋರಿಸಿ, ಬಾಗಿಲು ತೆರೆದು ಹಿಡಿದಳು. "ಬನ್ನಿ ಅಮ್ಮ, ಕಾಫಿ ಕುಡ್ಕೊಂಡ್ ಹೋಗಿ."

ಕೆಂಚಮ್ಮ ಹೊಸ ಸೊಸೆಯ ಹಾಗೆ ಬಲಗಾಲು ಎತ್ತಿದಳು. ಹಿಂದಿನಿಂದ ಸಿಂಚನ ಮುಂಗೈ ಹಿಡಿದಳು, ಬಳೆ ಒಡೆಯದ ಹಾಗೆ.

"ಒಬ್ರ ಕಾರ್ಡಿಗೆ ಒಬ್ರೇ ಕಣ್ರೀ ಮಾಲವಿಕಾ. ಕಾಫಿ ಇಲ್ಲಿಗೇ ಕಳ್ಸಿ."

ಕೆಂಚಮ್ಮ ಒಪ್ಪಿಗೆ ಪತ್ರವನ್ನು ಸಿಂಚನಳ ಕೈಗಿಟ್ಟು ಪ್ರಸಾದನಿಗೆ ಫೋನು ಮಾಡಿದಳು. "ಸಿಕ್ಕಾಕ್ಕೊಂಡೆ ಕಣ್ಲಾ. ಈ ಬಾಗ್ಲು ಗಟ್ಟಿ ಅಂತ ಬರ್ಕೋ. ನನ್ ಜಾಗಕ್ಕೆ ಈ ಹುಡುಗೀನೇ ಸೇರಿಸ್ಕೋ."

"ಅಯ್ಯಪ್ಪ, ನಾನ್ ಬರಲ್ಲ," ಎಂದಳು ಪತ್ರ ಓದಿ ಮುಗಿಸಿದ ಸಿಂಚನ. "ಕರೀದೇ ಇರೋ ಮನೆಗೆ ನಾನ್ ಹೋಗಲ್ಲ."

"ಇನ್ಮೇಲೆ ನಾನೂ ಓಗಂಗಿಲ್ಲ ಬುಡವ್ವ," ಎಂದು ಕೆಂಚಮ್ಮ ನಕ್ಕಳು. ಭರಣಿಯ ಮುಚ್ಚಳ ಬಿಗಿಮಾಡಿ, ಹಿನಕಲ್ ಕಡೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಅವಳನ್ನೇ ಕೇಳಿದಳು.