ಹನ್ನೊಂದನೇ ಕೋಣೆಯ ಟವೆಲು

ವರ್ಲಾ ಹ್ಯಾಸ್ಕೆಲ್ ಆ ಮೋಟೆಲಿನಲ್ಲಿ ಹಾಸಿಗೆ ಹಾಸುತ್ತ, ಕಕ್ಕಸು ತಿಕ್ಕುತ್ತ ಇಪ್ಪತ್ತಾರು ವರ್ಷ ಸವೆಸಿದ್ದಳು. ಅಮೆರಿಕದ ಯೂಟಾದ ಕೆಂಪು ಬಂಡೆಗಳ ನಡುವಿನ ಊರು. ಅಲ್ಲಿ ತಂಗುವವರೆಲ್ಲ ಬೆಳಿಗ್ಗೆ ಸೈಕಲ್ ಹತ್ತಿ ಹೋಗಿ, ಬಂಡೆಗಳ ಮೇಲೆ ಬಿದ್ದೆದ್ದು, ಮೈತುಂಬ ಮಣ್ಣು ಮೆತ್ತಿಕೊಂಡು ಬರುವವರು. ಅದಕ್ಕೇ ಅವಳು ಪ್ರತಿ ಬಾಗಿಲಲ್ಲೂ ಹಳೇ ದುಪ್ಪಟಿ ಹರಿದ ಚಿಂದಿಯ ಬುಟ್ಟಿ ಇಡುತ್ತಿದ್ದಳು. ಚೈನು, ಬೂಟು, ಮೊಣಕಾಲು, ಎಲ್ಲ ಒರೆಸಲಿಕ್ಕೂ ಅದೇ.

ಮೋಟೆಲ್ ಕೈ ಬದಲಾಯಿತು. ಹೊಸ ಯಜಮಾನ ಬ್ರೆನ್ನನ್ ಗೋಡೆಗೆಲ್ಲ ಸಾಸಿವೆ ಬಣ್ಣ ಬಳಿಸಿದ, ಕೋಣೆಗೊಂದು ಕಳ್ಳಿಗಿಡ ಇರಿಸಿದ. ಚಿಂದಿ ಬುಟ್ಟಿಗಳು ಅಸಹ್ಯವೆಂದು ಕಸಕ್ಕೆ ಹಾಕಿಸಿದ. ಹಾಲಿನಂಥ ಬಿಳಿ ಟವೆಲುಗಳು ಬಂದವು.

"ಮರೀ, ಇವು ವಾರ ಬಾಳಲ್ಲ," ಅಂದಳು ವರ್ಲಾ.

"ಈಗ ಬರೋ ಗಿರಾಕಿಗಳೇ ಬೇರೆ ಥರ, ವರ್ಲಾ."

"ಮಣ್ಣು ಅದೇ ಥರ ಅಲ್ವಾ?"

ಮೂರು ದಿನ ಕಳೆಯುವುದರೊಳಗೆ ಹತ್ತೊಂಬತ್ತು ಟವೆಲು ಇಟ್ಟಿಗೆ ಬಣ್ಣಕ್ಕೆ ತಿರುಗಿದವು. ಬ್ರೆನ್ನನ್ ವರ್ಲಾಳನ್ನೂ ಜೊತೆಗಾತಿ ಇರ್ಮಾಳನ್ನೂ ಕರೆಸಿದ. "ಇನ್ನೊಂದು ಟವೆಲು ಹಾಳಾದ್ರೆ ಸೋಮವಾರದಿಂದ ಕ್ಲೀನಿಂಗಿಗೆ ಹೊರಗಿನ ಕಂಪನಿಯವ್ರು ಬರ್ತಾರೆ. ನೀವಿಬ್ರೂ ಮನೇಲಿರಿ."

ಇರ್ಮಾಳ ಮುಖ ಸುಣ್ಣವಾಯಿತು.

"ಸುಮ್ನಿರೇ," ಅಂದಳು ವರ್ಲಾ. "ಒಗೆಯೋರು ನಾವು, ಒರೆಸ್ಕೊಳ್ಳೋರು ಅವ್ರು. ಬೈಸ್ಕೊಳ್ಳೋದೂ ನಾವೇನಾ?"

ಶನಿವಾರ ಬ್ರೆನ್ನನ್ ಗಿರಾಕಿಗಳ ಜೊತೆ ತಾನೂ ಸೈಕಲ್ ಹತ್ತಿದ. ಮಧ್ಯಾಹ್ನ ಕುಂಟುತ್ತ ಬಂದು ಖಾಲಿಯಿದ್ದ ಹನ್ನೊಂದನೇ ಕೋಣೆಗೆ ನುಗ್ಗಿದ. ಅವನು ಹೊರಬಿದ್ದ ಮೇಲೆ ವರ್ಲಾ ಹೋಗಿ ನೋಡಿದರೆ, ನೆಲದ ಮೇಲೆ ಮೂರು ಟವೆಲು. ಒಂದರಲ್ಲಿ ಚೈನಿನ ಕರಿ ಜಿಡ್ಡು, ಇನ್ನೊಂದರಲ್ಲಿ ಕೆಂಪು ಮಣ್ಣಿನ ಎರಡು ಪಾದ, ಮೂರನೆಯದರಲ್ಲಿ ಯಜಮಾನರ ಕುಂಡೆಯ ಗುರುತು ಅಚ್ಚುಹೊಡೆದಂತೆ.

ಅವಳು ಒಗೆಯಲಿಲ್ಲ. ಆಫೀಸಿನ ಎದುರು ಹಗ್ಗ ಕಟ್ಟಿ ಮೂರನ್ನೂ ಹರವಿದಳು. ಕೆಳಗೆ ಎರಡು ಕುರ್ಚಿ ಹಾಕಿ ಇರ್ಮಾಳನ್ನೂ ಕೂರಿಸಿಕೊಂಡಳು.

"ಯಾರದಮ್ಮಾ ಇದು?" ಗಿರಾಕಿಯೊಬ್ಬ ಕೇಳಿದ.

"ಹನ್ನೊಂದನೇ ಕೋಣೇದು. ಅಳತೆ ನೋಡಿ ನೀವೇ ಗುರುತು ಹಿಡೀರಿ."

ಅಂಗಳವೆಲ್ಲ ನಕ್ಕಿತು. ಬ್ರೆನ್ನನ್ ಕಿವಿ ಕೆಂಪಗೆ ಮಾಡಿಕೊಂಡು ಹೊರಬಂದ. "ವರ್ಲಾ, ಒಳಗೆ ಬನ್ನಿ, ಮಾತಾಡೋಣ."

"ಇಲ್ಲೇ ಆಡು, ಗಾಳಿ ಚೆನ್ನಾಗಿದೆ. ಸೋಮವಾರ ಯಾರು ಬರ್ತಾರೆ?"

"ನೀವೇ."

"ಇರ್ಮಾ?"

"ಅವ್ರೂ. ಬುಟ್ಟೀನೂ ವಾಪಸ್ ಇಡಿ. ಆದ್ರೆ ಬುಟ್ಟಿ ಸ್ವಲ್ಪ ಚಂದದ್ದು ತರ್ಲಾ?"

"ಬುಟ್ಟಿ ನಿನ್ನಿಷ್ಟ. ಅಂಗಳದಲ್ಲೊಂದು ನಲ್ಲೀನೂ ಹಾಕ್ಸು, ಜನ ಕಾಲು ತೊಳ್ಕೊಂಡು ಒಳಗೆ ಬರ್ಲಿ."

ಅವನು ಹೂಂ ಅಂದ. ವರ್ಲಾ ಟವೆಲುಗಳನ್ನು ಹಗ್ಗದಿಂದೆಳೆದು ಅವನ ತೋಳ ಮೇಲೆ ಹೊರಿಸಿ, ಮೇಲೊಂದು ಕತ್ತರಿ ಇಟ್ಟಳು. "ಹಳೇ ಚಿಂದಿ ನೀನೇ ಎಸೆದೆಯಲ್ಲ. ಕೂತ್ಕೊಂಡು ಇವನ್ನ ಕತ್ತರಿಸು."